ಎಂಬತ್ನಾಲ್ಕು ವರ್ಷದ ಕೈ

ಹೊರದೇಶದ ಕೆಲಸಕ್ಕೆ ಮೊಬೈಲಿನಲ್ಲಿ ತುಂಬುವ ಫಾರ್ಮಿನ ಏಳನೆಯ ಪುಟದವರೆಗೆ ನಾನು ಹೇಗೋ ಬಂದಿದ್ದೆ. ಮೊದಲ ಪುಟದಲ್ಲೇ ಅದು ಮನೆತನದ ಹೆಸರು ಕೇಳಿ ನನ್ನನ್ನು ಅರ್ಧ ದಿನ ನಿಲ್ಲಿಸಿತ್ತು. ನಮ್ಮ ಕಡೆ ಅಂಥದ್ದಿಲ್ಲ. ಖಾಲಿ ಬಿಟ್ಟು ಮುಂದೆ ಹೋಗೋಣವೆಂದರೆ ಅಲ್ಲೊಂದು ಕೆಂಪು ಚುಕ್ಕೆ ಕೂತು ದಾರಿ ಬಿಡುವುದಿಲ್ಲ. ಕೊನೆಗೆ ಮಗಳು ಇಂಚರಾ ಎರಡೂ ಕಡೆ ನನ್ನ ಹೆಸರನ್ನೇ ತುಂಬಿದಳು. ಹೀಗಾಗಿ ಆ ದೂರದ ತಂಪು ದೇಶದ ಸರ್ಕಾರಕ್ಕೆ ನಾನು ನಿಂಗವ್ವ ನಿಂಗವ್ವ. ಯಾರೋ ಓಣಿಯ ಆ ತುದಿಯಿಂದ ಅವಸರದಲ್ಲಿ ಕೂಗಿದ ಹಾಗೆ. ಆಮೇಲೆ ಫೋಟೊ. ಕಿವಿ ಕಾಣಬೇಕು, ಹಲ್ಲು ಕಾಣಬಾರದು, ಹಿಂದಿನ ಗೋಡೆ ಬೆಳ್ಳಗಿರಬೇಕು. ನನ್ನ ಅಂಗಡಿಯ ಗೋಡೆಗೆಲ್ಲ ವಾರ್ನಿಶ್ ಕಲೆ. ಹಗ್ಗಕ್ಕೆ ಬಿಳಿ ಚಾದರ ಹಾಕಿ ಅದರ ಮುಂದೆ ಕಳ್ಳಿಯ ಹಾಗೆ ನಿಂತೆ.

ಎಲ್ಲಕ್ಕಿಂತ ಕಾಡಿದ್ದು ಆ ಫಾರ್ಮಿನ ಅವಸರ. ಸ್ವಲ್ಪ ಹೊತ್ತು ಏನೂ ಒತ್ತದೆ ಇದ್ದರೆ ಸಾಕು, ಮೊಬೈಲಿನ ಪರದೆ ಮಂಕಾಗಿ ಒಂದು ಸಾಲು ಬರುತ್ತಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದುವವಳು ಇಂಚರಾ. "ನೀವು ಬಹಳ ಹೊತ್ತಿನಿಂದ ಏನೂ ಮಾಡಿಲ್ಲ, ಮುಂದುವರಿಸುತ್ತೀರಾ ಅಂತ ಕೇಳಾಕತ್ತೈತಿ" ಎಂದಳು. ಆಗ ನನ್ನ ಮೊಣಕಾಲುಗಳ ನಡುವೆ ಹಿಟ್ಟಿನ ಗಿರಣಿಯ ಮೋಟಾರು, ಬಾಯಲ್ಲಿ ದಾರ, ಬಾಗಿಲಲ್ಲಿ ಎಷ್ಟೊತ್ತಿಗೆ ಆಗ್ತೈತ್ರಿ ಎನ್ನುವ ಗಿರಾಕಿ. "ಏನೂ ಮಾಡಿಲ್ಲಂತ? ಮುಂಜಾನೆಯಿಂದ ಒಂದು ತಂಬಿಗಿ ನೀರು ಕುಡಿದಿಲ್ಲ ಅಂತ ಹೇಳದಕ್ಕ" ಎಂದೆ. "ಅದಕ್ಕ ಹೇಳಾಕ ಬರಂಗಿಲ್ಲವ್ವಾ, ಬರೇ ಒತ್ತಾಕ ಬರ್ತೈತಿ" ಎಂದಳು. ಒತ್ತುವಷ್ಟರಲ್ಲಿ ಅದು ನಮ್ಮನ್ನು ಹೊರಗೆ ಹಾಕಿತ್ತು. ಮತ್ತೆ ಮೊದಲಿನಿಂದ.

ನಾನು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವಳು. ಕರಕಾದ ತಂತಿಯನ್ನು ಕತ್ತರಿಸಿ ತೆಗೆಯುವುದು, ಸಂದುಗಳಿಗೆ ಕಾಗದ ಹಾಸುವುದು, ತಾಮ್ರದ ಹೊಸ ಸುರುಳಿಗಳನ್ನು ಬಿದಿರಿನ ಸೀಳಿನಿಂದ ಒಳಗೆ ಕೂರಿಸುವುದು, ದಾರದಿಂದ ಬಿಗಿಯುವುದು, ವಾರ್ನಿಶ್ ಹೊಯ್ದು ಒಣಗಿಸುವುದು. ಈ ಕೆಲಸ ಬಲ್ಲ ಕೈ ನನಗೆ ಅಕ್ಕ ಫಕೀರವ್ವನಿಂದ ಬಂತು. ಅವಳಿಗೆ ಅಪ್ಪನಿಂದ, ಅಪ್ಪನಿಗೆ ತಾತನಿಂದ. ನಮ್ಮೂರಲ್ಲಿ ಎಲ್ಲ ಕೈಗಳೂ ಹೀಗೆಯೇ ಬರುತ್ತವೆ. ಒಪ್ಪಿಸುವವರು, ಪಡೆಯುವವರು ಹೊಸ್ತಿಲ ಆಚೆ ಈಚೆ ಕೂರುತ್ತಾರೆ. ಅಂಗೈಗೆ ಅಂಗೈ ಹಚ್ಚಿ ಮೇಲೊಂದು ಒದ್ದೆ ಬಟ್ಟೆ ಸುತ್ತುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಹಾಗೇ ಕೂತಿರಬೇಕು. ಉಕ್ಕಿದ ಮೇಲೆ ಕೈ ಇವರದು, ಅವರದಲ್ಲ. ಒಂದು ಕೈ ಇಬ್ಬರಲ್ಲಿ ನಿಲ್ಲುವುದಿಲ್ಲ.

ನನ್ನ ಗಂಡ ತೀರಿಹೋದಾಗ ಇಂಚರಾ ಇನ್ನೂ ತೊದಲುತ್ತಿದ್ದಳು. ನಾನು ಬರಿಗೈಯವಳು, ನಮ್ಮೂರಲ್ಲಿ ಬರಿಗೈಯವರಿಗೆ ಹೊರುವುದು, ಗುಡಿಸುವುದು, ಸುಲಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಅಕ್ಕ ಮದುವೆಯಾದವಳಲ್ಲ. ಕೈಯೂ ಚೆನ್ನಾಗಿ ಓಡುತ್ತಿದ್ದ ವಯಸ್ಸು ಅವಳದು. ಒಂದು ಮುಂಜಾನೆ ಒಲೆಯ ಮೇಲೆ ಹಾಲಿಟ್ಟು "ಬಾ ಕುಂದ್ರು" ಎಂದಳು. ಬೇಡ ಎಂದು ನಾನು ಎಷ್ಟು ಹೇಳಿದರೂ "ಕೂಸಿನ ಹೊಟ್ಟಿ ಬ್ಯಾಡ ಅಂತೈತೇನು?" ಎಂದು ಕೈ ಎಳೆದು ಕೂರಿಸಿಕೊಂಡಳು. ಹಾಲು ಉಕ್ಕಿತು. ಅಕ್ಕ ಎದ್ದು ಬೆಂಚಿನ ಮೇಲಿದ್ದ ಬಿದಿರಿನ ಸೀಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ಏನಾಕ ಇತ್ತವಾ?" ಎಂದು ನನ್ನನ್ನೇ ಕೇಳಿದಳು. ನಾನು ಹೇಳಿದೆ. ಒಂದು ಗಳಿಗೆಯ ಹಿಂದೆ ಅದು ನನಗೂ ಗೊತ್ತಿರಲಿಲ್ಲ. ಅವತ್ತಿನಿಂದ ಅವಳು ಆ ಬೆಂಚನ್ನು ಮುಟ್ಟಿಲ್ಲ. ಒಪ್ಪಿಸಿದವರು ಮತ್ತೆ ಹತಾರ ಮುಟ್ಟಬಾರದು, ಅದು ನಮ್ಮಲ್ಲಿ ಮರ್ಯಾದೆ. ಈಗ ಬಸ್ ಸ್ಟ್ಯಾಂಡಿನ ಖಾನಾವಳಿಯ ಹಿತ್ತಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಾಳೆ.

ಮುಂದಿನ ಯುಗಾದಿಗೆ ಇಂಚರಾಳಿಗೆ ಹದಿನೈದು ತುಂಬುತ್ತದೆ. ಹದಿನೈದಕ್ಕೆ ಮಕ್ಕಳಿಗೆ ಕೈ ಆಗಬೇಕು. ಊರಲ್ಲಿ ಖಾಲಿ ಬಿದ್ದ ಕೈ ಒಂದೂ ಇಲ್ಲ. ಹೊಸದು ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ಹಿಟ್ಟಿನ ಗಿರಣಿಗೆ ಹೋದರೆ ಗಿರಣಿಯವನ ಹೆಂಡತಿ, ಕಿರಾಣಿಗೆ ಹೋದರೆ ಕಿರಾಣಿಯವ, ಎಲ್ಲರದೂ ಒಂದೇ ಮಾತು: "ಯುಗಾದಿಗೆ ಮಗಳಿಗೆ ಒಪ್ಪಿಸ್ತಿಯಲ್ಲವಾ, ಹಾಲಿಗೆ ಹೇಳಿಟ್ಟೀ ಏನು?" ನಗುತ್ತಾ ಹೂಂ ಎನ್ನುತ್ತಿದ್ದೆ. ಮನೆಗೆ ಬಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆಯುತ್ತಿದ್ದೆ. ಒಪ್ಪಿಸಿದರೆ ನಾನು ಅಕ್ಕನ ಪಕ್ಕ ಬಳ್ಳೊಳ್ಳಿಗೆ ಕೂರಬೇಕು. ಹದಿನೈದರ ಹುಡುಗಿ ಮೂವರನ್ನು ಸಾಕಬೇಕು, ಶಾಲೆ ಬಿಡಬೇಕು. ಒಪ್ಪಿಸದಿದ್ದರೆ ಅವಳು ಜನ್ಮವೆಲ್ಲ ಬರಿಗೈ. ರೊಟ್ಟಿ ಬಡಿಯುವಾಗಲೂ ಇದೇ, ತಂತಿ ಸುತ್ತುವಾಗಲೂ ಇದೇ. ಕೈ ತನ್ನ ಪಾಡಿಗೆ ಸುತ್ತುತ್ತದೆ, ತಲೆ ಬೇರೆ ಕಡೆ ಸುತ್ತುತ್ತದೆ.

ಆಗ ಆ ಫಿಟ್ಟರ್ ಬಂದ. ಅಕ್ಕಿ ಗಿರಣಿಗೆ ಹೊಸ ಯಂತ್ರ ಕೂರಿಸಲು ಹೊರಗಿನ ಯಾವುದೋ ಕಂಪನಿ ಕಳಿಸಿದ ಮನುಷ್ಯ, ಜೊತೆಗೊಬ್ಬ ಸಹಾಯಕ. ಮೋಟಾರಿನ ಕೆಲಸಕ್ಕೆಂದು ನನ್ನನ್ನೂ ಕರೆದಿದ್ದರು. ಯಂತ್ರದ ಯಾವುದೋ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂದು ಫಿಟ್ಟರ್ ಸಹಾಯಕನಿಗೆ ಕಲಿಸಿದ. ಸಹಾಯಕ ಬಿಗಿದ. ಪಾಪ, ಇನ್ನು ಇವನ ಗತಿ ಏನು ಎಂದು ನಾನು ಫಿಟ್ಟರನ ಮುಖ ನೋಡಿದೆ. ಅವನು ಸೀಟಿ ಹೊಡೆಯುತ್ತಾ ಪಕ್ಕದ ಬೋಲ್ಟನ್ನು ತಾನೇ ಬಿಗಿದ! ನನಗೆ ಎದೆ ಧಸಕ್ಕೆಂದಿತು. "ಕಲಿಸಿದ ಮ್ಯಾಲೂ ನಿಮ್ಮ ಕೈಯಾಗ ಉಳದೈತೇನ್ರಿ?" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದ ಮೇಲೆ ನಕ್ಕು, "ಉಳೀದೆ ಎಲ್ಲಿ ಹೋಗುತ್ತಮ್ಮಾ? ನಮ್ಮ ಕಂಪನಿ ಇರೋ ದೇಶದಲ್ಲಿ ನಾನು ನೂರು ಜನಕ್ಕೆ ಕಲಿಸಿದ್ದೀನಿ" ಎಂದ. ಮೋಟಾರು ಸುತ್ತುವವರಿಗೆ ಅಲ್ಲಿ ಬೇಡಿಕೆಯಿದೆ, ಬೇಕಾದ ಕೆಲಸಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಎಂದು ಹೇಳಿ ಇಂಚರಾಳ ಮೊಬೈಲಿಗೆ ಆ ಫಾರ್ಮು ಕಳಿಸಿದ. ಕಲಿಸಿದವರಿಗೂ ಉಳಿಯುವ ದೇಶ. ಅಲ್ಲಿಗೆ ಹೋದರೆ ಮಗಳಿಗೂ ಕೈ, ನನಗೂ ಕೈ. ನನಗೆ ಬೇಕಾಗಿದ್ದದ್ದು ಇಷ್ಟೇ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ನಾಳೆ ಹೇಳೋಣ, ಈ ಪುಟ ಮುಗಿಯಲಿ, ಮುಂದಿನ ಪುಟ ಮುಗಿಯಲಿ ಎಂದು ದಿನ ದೂಡಿದೆ.

ಏಳನೆಯ ಪುಟದಲ್ಲಿ ಕೇಳಿದ್ದು: ಈ ಕೆಲಸದಲ್ಲಿ ನಿಮಗೆ ಎಷ್ಟು ವರ್ಷದ ಅನುಭವವಿದೆ? ಅದಕ್ಕೆ ನಾನು ಯೋಚಿಸಲೇ ಇಲ್ಲ. ನಮ್ಮೂರ ಪ್ರತಿ ಅಂಗಡಿಯ ಬೋರ್ಡಿನ ಮೇಲೆ ಕೈಯ ವಯಸ್ಸು ಬರೆದಿರುತ್ತದೆ, ಯುಗಾದಿಯ ದಿನ ಹಳೆಯ ಅಂಕಿ ಅಳಿಸಿ ಹೊಸದು ಬರೆಯುತ್ತೇವೆ. ಜಿಲೇಬಿಯವನ ಕೈ ನೂರಾ ಹತ್ತರ ಮೇಲಿನದು, ಅದಕ್ಕೇ ಅವನಿಗೆ ಅಷ್ಟು ಸೊಕ್ಕು. ನಾನು ಬಾಗಿಲಾಚೆ ಕತ್ತು ಚಾಚಿ ನನ್ನ ಬೋರ್ಡು ನೋಡಿ "ಎಂಬತ್ನಾಲ್ಕು ಒತ್ತು" ಎಂದೆ. ಇಂಚರಾ ಒತ್ತಿದಳು. ಕೆಂಪು ಚುಕ್ಕೆ ಬರಲಿಲ್ಲ. ಮೊದಲ ಭಾಗ ಹೋಯಿತು, ಎರಡನೆಯ ಭಾಗ ತೆರೆಯಿತು. ಅಲ್ಲಿ ಮೊದಲ ಪ್ರಶ್ನೆ: ನಿಮಗೆ ಕಲಿಸಿದವರು ಯಾರು? ಫಕೀರವ್ವ ಎಂದು ತುಂಬಿದೆವು. ಅದರ ಕೆಳಗೆ: ಅವರು ಈಗಲೂ ಈ ಕೆಲಸ ಮಾಡುತ್ತಿದ್ದಾರೆಯೇ? ಹೌದು, ಇಲ್ಲ, ಎರಡೇ ಗುಂಡಿ. ಇಲ್ಲ ಎಂದು ಒತ್ತಿದರೆ, ಈಗಲೂ ಕೆಲಸದಲ್ಲಿರುವ ಬೇರೆ ಗುರುವಿನ ಹೆಸರು ಕೊಡಿ ಎನ್ನುತ್ತಿತ್ತು. ಕಲಿಸಿದ ಮೇಲೂ ಕೆಲಸದಲ್ಲಿರುವ ಗುರುವನ್ನು ನಮ್ಮೂರಲ್ಲಿ ಎಲ್ಲಿಂದ ತರಲಿ? ಹೌದು ಎಂದು ಒತ್ತಲು ಬೆರಳು ಬರಲಿಲ್ಲ. ಹಾಗೇ ಬಿಟ್ಟೆವು.

ಉತ್ತರ ಬಂದಾಗ ಇಂಚರಾ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಮೊಬೈಲ್ ಟಿಂಗೆಂದಿತು. ಓದುತ್ತಾ ಓದುತ್ತಾ ಅವಳ ಮುಖ ಸಣ್ಣದಾಯಿತು. ನಿಮ್ಮ ಅನುಭವ ನಿಮ್ಮ ವಯಸ್ಸಿಗಿಂತ ಎರಡು ಪಟ್ಟಿದೆ. ಇದು ಸುಳ್ಳು ಮಾಹಿತಿ ಎಂದು ತೋರುತ್ತದೆ. ಈ ತಿಂಗಳೊಳಗೆ ತಿದ್ದಿ ವಿವರಿಸಿ, ಇಲ್ಲವಾದರೆ ಅರ್ಜಿ ವಜಾ ಆಗುತ್ತದೆ, ಮತ್ತೆ ಹಾಕಲು ಬಿಡುವುದಿಲ್ಲ. ತಿದ್ದಿದ ಮೇಲೂ ನಮ್ಮ ಅಧಿಕಾರಿ ವೀಡಿಯೊದಲ್ಲಿ ನಿಮ್ಮ ಕೆಲಸ ನೋಡುತ್ತಾರೆ. "ಅವ್ವಾ, ಅವರು ಕೇಳಿದ್ದು ನಿಂದಂತ, ಕೈದಲ್ಲಂತ" ಎಂದಳು. "ನಂದು ಅಂದ್ರ?" ಎಂದೆ. "ನೀನೇ ಸ್ವಂತ ಕಲ್ತದ್ದು." ನಾನು ಸ್ವಂತ ಏನು ಕಲಿತಿದ್ದೇನೆ? ಹಾಲು ಉಕ್ಕಿತು, ಬಂತು. ಸುಳ್ಳುಗಾತಿ ಎಂದು ಬರೆದುಬಿಟ್ಟರೆ ಎಂಬ ಹೆದರಿಕೆ ಹತ್ತಿತು. ಅವತ್ತು ಗಿರಣಿಯವರ ಮೋಟಾರಿಗೆ ಎರಡು ಸಲ ಕಾಗದ ಹಾಸಿದೆ.

ಇನ್ನು ಅಕ್ಕನಿಗೆ ಹೇಳದೆ ಗತಿಯಿರಲಿಲ್ಲ. ಖಾನಾವಳಿಯ ಹಿತ್ತಲಿಗೆ ಹೋದೆ. ಗೋಣಿಚೀಲದ ಮೇಲೆ ಕೂತಿದ್ದಳು, ಸುತ್ತಲೂ ಸಿಪ್ಪೆ ಹಾರಾಡುತ್ತಿತ್ತು. ಎಂಬತ್ನಾಲ್ಕರ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಮುದುಕಿ ಬರಾಕತ್ತಾಳ, ಇಳಿಸಿಕೊಳ್ಳಾಕ ನಾಕು ಮಂದಿ ನಿಂದರ್ರಿ ಅಂತ ಹೇಳಿರ್ತಾರ ಬಿಡು!" ನಗು ಅರ್ಧದಲ್ಲಿ ನಿಂತಿತು. ಕೈಯಲ್ಲಿದ್ದ ಎಸಳನ್ನು ಬುಟ್ಟಿಗೆ ಹಾಕಿದಳು. "ಅಂದ್ರ, ಕೈ ತಗೊಂಡು ಹೊಂಟಿ." ನಾನು ನೆಲದ ಸಿಪ್ಪೆ ಗುಡ್ಡೆ ಮಾಡತೊಡಗಿದೆ. "ಹೇಳಿ ಹೋಗಬೇಕಂತ ಬಂದೀಯೋ, ಕೇಳಿ ಹೋಗಬೇಕಂತ ಬಂದೀಯೋ?" ಎಂದಳು. "ಯುಗಾದಿಗೆ ಇಂಚರಾಗ ಹದಿನೈದು ತುಂಬ್ತೈತಿ ಅಕ್ಕಾ." "ತುಂಬಲಿ. ಒಪ್ಪಿಸಿ ಬಂದು ನನ್ನ ಬಾಜೂ ಕುಂದ್ರು. ಬಳ್ಳೊಳ್ಳಿ ರಗಡ ಐತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಚುಚ್ಚಿತು. ಇವಳು ನನಗಾಗಿ ಮಾಡಿದ್ದನ್ನು ನಾನು ನನ್ನ ಮಗಳಿಗೆ ಮಾಡಲಾರೆ ಎನ್ನುತ್ತಿದ್ದೇನೆ, ಮೇಲಿಂದ ಇವಳದನ್ನೇ ಹೊತ್ತುಕೊಂಡು ಓಡುತ್ತಿದ್ದೇನೆ. ಅಳು ಬಂತು. ಅಕ್ಕ ಅಳುವುದಕ್ಕೂ ಬಿಡಲಿಲ್ಲ. "ಸುಮ್ಮನಿರು, ಬಳ್ಳೊಳ್ಳಿ ಕಣ್ಣಿಗೆ ಹೊಡೀತಂತ ತಿಳೀತಾರ ಮಂದಿ. ಅದಿರಲಿ, ಸೇತುವಿ ಹೆಂಗ ದಾಟ್ತಿ?"

ಕೈ ಇದ್ದವರು ಸೇತುವೆ ದಾಟಬಾರದು ಎನ್ನುವುದು ನಮ್ಮಲ್ಲಿ ಹುಟ್ಟಿದಾಗಿನಿಂದ ಕೇಳುವ ಮಾತು. ಹೊರಗಿನ ಸಾಮಾನು ತರಲು ಹೋಗಿಬರುವವರು ಬರಿಗೈಯವರೇ. ಹಿಂದೆ ಕಲಾಯಿ ಹಾಕುವವನೊಬ್ಬ ದಾಟಿ ಹೋಗಿದ್ದನಂತೆ. ಸೇತುವೆಯ ನಡುವೆಯೇ ಕೈ ಸತ್ತಿತು, ನಾಚಿಕೆಗೆ ಹಿಂದಿರುಗಲಿಲ್ಲ ಎಂದು ಊರವರು. ಕೈಯೂ ಇಲ್ಲ ಕಾಲೂ ಇಲ್ಲ, ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಅವನ ಹೆಂಡತಿ. "ನಾನು ಇಮಾನದಾಗ ಹೋಗಾಕಿ, ಸೇತುವಿಗೂ ಅದಕ್ಕೂ ಏನು?" ಎಂದೆ. ಈ ಸಮಾಧಾನವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ. "ಇಮಾನ ನಿಮ್ಮನಿ ಮಾಳಗಿ ಮ್ಯಾಲೆ ಬಂದು ನಿಂದರ್ತೈತೇನು? ಅಲ್ಲೀತನಾ ಬಸ್ಸಿಗೇ ಹೋಗಬೇಕಲ್ಲ ಮಳ್ಳಿ" ಎಂದಳು ಅಕ್ಕ. ಮಡಿಲ ಸಿಪ್ಪೆ ಕೊಡವಿ ಎದ್ದಳು. "ಅಲ್ಲಿ ಹೋಗಿ ಇಳಿದ ಮ್ಯಾಲೆ ಕೈ ಸತ್ತರ ಆ ಕೂಸನ್ನ ಕಟಗೊಂಡು ಏನ್ ಮಾಡ್ತಿ? ಮೊದಲ ಸೇತುವಿ ದಾಟಿ ನೋಡು. ನಾನೂ ಬರ್ತೀನಿ. ಆಚೀ ಕಡೆ ದಾವಲಸಾಬನ ಚಾದಂಗಡಿ ಐತಿ, ನಾನು ಬಳ್ಳೊಳ್ಳಿ ತರಾಕ ಹೋದಾಗ ಕುಂದರೂ ಜಾಗಾ. ಅವನ ಪಂಪಿನ ಮೋಟಾರು ಸುಟ್ಟು ಕುಂತೈತಿ. ಅದರ ಮ್ಯಾಲೇ ನೋಡೋಣಂತ."

ರವಿವಾರ ಮೂವರೂ ಬಸ್ಸು ಹತ್ತಿದೆವು. ಹತಾರದ ಚೀಲವನ್ನು ನಾನು ಅಕ್ಕನ ತರಕಾರಿಯ ಕೆಳಗೆ ಮುಚ್ಚಿಟ್ಟಿದ್ದೆ. ನಾನು ಕಿಟಕಿಯ ಪಕ್ಕ ಕೂತು ದಾರದ ತುಂಡೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ಸೇತುವೆ ಬಂತು. ಅಂಥ ದೊಡ್ಡದೇನಲ್ಲ, ಕೆಳಗೆ ನೀರೂ ಹೆಚ್ಚಿರಲಿಲ್ಲ, ನಾಲ್ಕು ಎಮ್ಮೆಗಳು ಮಲಗಿದ್ದವು. "ಏನರೆ ಆತೇನವ್ವಾ?" ಎಂದು ಇಂಚರಾ ನನ್ನ ಮೊಣಕೈ ಹಿಡಿದಳು. ನಡುವೆ ಏನೂ ಆಗಲಿಲ್ಲ. ಮುಗಿಯುವ ಹೊತ್ತಿಗೂ ಏನೂ ಆಗಲಿಲ್ಲ. ನನಗೆ ಉಸಿರು ಬಂದಂತಾಯಿತು.

ದಾವಲಸಾಬ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಅಕ್ಕನನ್ನು ಕಂಡು "ಏನ್ ಫಕೀರವ್ವಾ, ಇವತ್ತು ಬಳಗಾನೇ ಬಂದೈತಿ" ಎಂದು ಹೊರಗಿನ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ, ಸುಟ್ಟ ಮೋಟಾರನ್ನು ತಂದಿಟ್ಟ. ಕರಕು ತಂತಿ ತೆಗೆದು ಚೊಕ್ಕ ಮಾಡಿಟ್ಟಿದ್ದ ಪುಣ್ಯಾತ್ಮ. ನಾನು ಅದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡೆ. ತಂತಿಯ ಉಂಡೆ ಕೈಗೆ ತೆಗೆದುಕೊಂಡೆ. ಏನೂ ಇಲ್ಲ. ತಂತಿ ಬರೀ ತಂತಿ. ಎಲ್ಲಿಂದ ಶುರು, ಯಾವ ಸಂದಿನಿಂದ ಯಾವ ಸಂದಿಗೆ, ಎಡಕ್ಕೋ ಬಲಕ್ಕೋ, ಬೆರಳು ಹೇಳಲೇ ಇಲ್ಲ. ಯಾರದೋ ಮನೆಯ ಕತ್ತಲ ಕೋಣೆಗೆ ಹೋದ ಹಾಗೆ ತಡವರಿಸಿದೆ. ಎರಡು ಸುರುಳಿ ಹಾಕಿದೆ, ಎರಡೂ ಹೊರಗೆ ಬಂದವು. ಬಿದಿರಿನ ಸೀಳು ಜಾರಿ ಕೆಳಗೆ ಬಿತ್ತು. "ಸತ್ತು ಹೋತಕ್ಕಾ" ಎಂದೆ. ಏಳು ಪುಟ, ಬಿಳಿ ಚಾದರ, ತಂಪು ದೇಶ, ಎಲ್ಲ ಆ ಕಟ್ಟೆಯ ಮೇಲೆ ಮುಗಿದುಹೋಯಿತು. ಅಪ್ಪನ ಕೈ, ತಾತನ ಕೈ, ನನ್ನಿಂದಲೇ ಹೋಯಿತು. ಈಗ ಹಿಂದಿರುಗಿ ಹೋದರೆ ಅದು ಇರುತ್ತದೋ ಇಲ್ಲವೋ ಎನ್ನುವುದು ಹೊಳೆದು ಬೆನ್ನು ತಣ್ಣಗಾಯಿತು.

"ದಾರ ಬಿಡು ಅವ್ವಾ, ಕೈ ಕೊಯ್ದುಕೊಳ್ತಿ" ಎಂದಳು ಇಂಚರಾ. ನೋಡಿದರೆ ಬಸ್ಸಿನಿಂದ ನನ್ನ ಬೆರಳಲ್ಲೇ ಇದ್ದ ಆ ದಾರದ ತುಂಡನ್ನು ನಾನು ಜಾರಿಬಿದ್ದ ಸುರುಳಿಗೆ ಸುತ್ತಿ, ಕೆಳಗಿನಿಂದ ಎಳೆದು, ಮತ್ತೊಮ್ಮೆ ಎಳೆದು, ತನ್ನೊಳಗೇ ಸಿಕ್ಕಿಸಿ ಬಿಗಿದಿದ್ದೆ. ಅದು ಬಟ್ಟೆ ಒಗೆಯುವ ಮೆಷಿನ್ನಿನ ಗಂಟು. ಅಕ್ಕ ಕೈ ಒಪ್ಪಿಸಿದ ಮೇಲೆ ಊರಿಗೆ ಆ ಮೆಷಿನ್ನುಗಳು ಬಂದವು. ಮೊದಲನೆಯದನ್ನು ಬಿಚ್ಚಿದ ದಿನ ಎಪ್ಪತ್ನಾಲ್ಕು ವರ್ಷದ ಕೈ ಅಲುಗಾಡಲೇ ಇಲ್ಲ, ಅದು ಅಂಥದ್ದನ್ನು ಕಂಡಿರಲಿಲ್ಲ. ಕೂದಲೆಳೆಯಂಥ ತಂತಿ, ಬೆರಳು ಹೋಗದ ಸಂದು. ವಾಪಸು ಕಳಿಸಿದರೆ ಗಿರಾಕಿ ಹೋಗುತ್ತಾರೆಂದು ಪರದೆ ಎಳೆದುಕೊಂಡು, ಒಂದೊಂದೇ ಸುತ್ತು ಬಿಚ್ಚಿ ನೋಡಿ, ಮೂರು ಮೋಟಾರು ಕೆಡಿಸಿ, ಅತ್ತು, ಹೇಗೋ ಮಾಡಿದೆ. ಆಗಿನಿಂದ ಅವುಗಳನ್ನು ಪರದೆಯ ಹಿಂದೆಯೇ ಮಾಡುತ್ತೇನೆ. ಯಾರೂ ಒಪ್ಪಿಸದೆ ಬಂದದ್ದಕ್ಕೆ ನಮ್ಮೂರಲ್ಲಿ ಬೆಲೆಯಿಲ್ಲ, ತಿಣುಕಾಟ ಎನ್ನುತ್ತಾರೆ. ಕೈಯೆಂದು ಯಾರೂ ಎನ್ನುವುದಿಲ್ಲ. ಆ ಗಂಟು ಸೇತುವೆಯ ಈಚೆಗೂ ಬಂದಿತ್ತು. ಮತ್ತೊಂದು ಹಾಕಿದೆ. ಬಂತು. ಮತ್ತೊಂದು. ಬೆರಳು ಅವಸರ ಮಾಡುತ್ತಿರಲಿಲ್ಲ, ಕೇಳಿ ಕೇಳಿ ಹೆಜ್ಜೆಯಿಡುವ ಹಾಗೆ ಇಡುತ್ತಿತ್ತು, ಆದರೆ ದಾರಿ ತಪ್ಪುತ್ತಿರಲಿಲ್ಲ.

"ಅಪ್ಪ ಇಂಥಾ ಗಂಟು ಹಾಕ್ತಿದ್ದಿಲ್ಲ" ಎಂದಳು ಅಕ್ಕ. ಅವಳು ಬಗ್ಗಿ ಕೆಳಗೆ ಬಿದ್ದಿದ್ದ ಬಿದಿರಿನ ಸೀಳನ್ನು ಎತ್ತಿಕೊಂಡಿದ್ದಳು, ನನಗೆ ಕೊಡಲೆಂದು. ಕೊಡಲಿಲ್ಲ. ಅದನ್ನು ತಿರುಗಿಸಿ ಚೂಪು ತುದಿಯನ್ನು ಮುಂದೆ ಮಾಡಿದಳು. ಮೋಟಾರನ್ನು ತನ್ನ ಕಡೆ ಎಳೆದುಕೊಂಡಳು. ನಾನು ಗಂಟು ಹಾಕಿದ್ದ ಸುರುಳಿಯನ್ನು ಚ್ ಎಂದು ಪಕ್ಕಕ್ಕಿಟ್ಟು, ತಂತಿಯನ್ನು ತೊಡೆಯ ಮೇಲೆ ಒಮ್ಮೆ ನೀವಿ, ಮೊದಲ ಸಂದಿಗೆ ಇಳಿಸಿದಳು. ಆಮೇಲೆ ಅದರ ಪಕ್ಕದ್ದಕ್ಕಲ್ಲ, ಒಂದು ಬಿಟ್ಟು ಆಚೆಯದಕ್ಕೆ. ಬಾಯಿ ಅರ್ಧ ತೆರೆದಿತ್ತು. ನಾಲ್ಕನೆಯ ಸುರುಳಿ ಕೂರಿಸಿದ ಮೇಲೆ ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಬಳ್ಳೊಳ್ಳಿ ಸಿಪ್ಪೆ ಇತ್ತು. "ಅಪ್ಪಂದು ಗಿರಣಿ ಮೋಟಾರು ಅಷ್ಟೇ" ಎಂದಳು ನಿಧಾನಕ್ಕೆ. "ಪಂಪು ಅವಗ ಗೊತ್ತಿದ್ದಿಲ್ಲ. ಪಂಪು ನಾನು ಕಲ್ತದ್ದು, ನಿಂಗೀ. ಒಬ್ಬಾಕೀನ ಕುಂತು. 'ಹೆಂಗ ಬಂತು' ಅಂತ ಅಪ್ಪ ಕೇಳಿದ್ರ, 'ನೀ ಒಪ್ಪಿಸಿದ್ದರಾಗೇ ಇತ್ತಪಾ' ಅಂತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದು ನಂದು. ಇದು ನಂದೇ ಐತಿ." ದಾವಲಸಾಬ ಒಳಗಿನಿಂದ "ಚಾ ಆರಾಕತ್ತೈತಿ" ಎಂದ. ಯಾರೂ ಅದನ್ನು ಮುಟ್ಟಲಿಲ್ಲ.

ಅಕ್ಕ ಸುರುಳಿ ಕೂರಿಸುತ್ತಾ ಹೋದಳು, ನಾನು ತುದಿಗಳನ್ನು ಬಿಗಿಯುತ್ತಾ ಹೋದೆ. ಇಂಚರಾ ದಾರದ ಇನ್ನೊಂದು ತುದಿ ಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದಳು. "ನಾನೊಂದು ಹಾಕ್ಲ್ಯಾ?" ಎಂದಳು. ನನ್ನ ಬೆರಳು ನಿಂತಿತು. ಇವಳು ಕಲಿತರೆ ನನ್ನದು ಹೋಗುತ್ತದೆ ಎನ್ನುವುದು ನನಗೆ ಬುದ್ಧಿಯಲ್ಲಿರುವುದಲ್ಲ, ಮೈಯಲ್ಲಿರುವುದು. ಅಕ್ಕ ಕತ್ತೆತ್ತದೆ "ತೋರಸವಾ" ಎಂದಳು. ತೋರಿಸಿದೆ. ಕೆಳಗಿನಿಂದ ಎಳಿ, ಮತ್ತೊಮ್ಮೆ ಎಳಿ, ಈಗ ಅದರೊಳಗೇ ಸಿಗಿಸು. ಅವಳದು ಸಡಿಲಾಯಿತು. ಬಿಚ್ಚಿ ಮತ್ತೆ ಹಾಕಿದಳು. ವಕ್ರವಾಯಿತು. ಮೂರನೆಯ ಸಲ ದಾರ ಟಕ್ಕೆಂದು ಬಿಗಿಯಾಗಿ ಕೂತಿತು. ಅವಳು ಕೂಗಲಿಲ್ಲ, ಹೆದರಿ ನನ್ನ ಮುಖ ನೋಡಿದಳು. ನಾನು ಅವಳ ಕೈಯಿಂದ ದಾರ ಕಸಿದುಕೊಂಡು ಪಕ್ಕದ ಸುರುಳಿಗೆ ಸುತ್ತಿದೆ. ಕೆಳಗಿನಿಂದ ಎಳೆದೆ. ಮತ್ತೊಮ್ಮೆ ಎಳೆದೆ. ಸಿಕ್ಕಿಸಿದೆ. ಟಕ್ಕೆಂದಿತು. ಎರಡು ಗಂಟು ಅಕ್ಕಪಕ್ಕ ಕೂತಿದ್ದವು, ಅವಳದೊಂದು, ನನ್ನದೊಂದು. ಇನ್ನೊಂದು ಹಾಕಿ ನೋಡಿದೆ, ಅದೂ ಬಂತು. ಯಾವ ಒಲೆಯ ಮೇಲೂ ಹಾಲಿರಲಿಲ್ಲ.

ಆಮೇಲೆ ನನಗೆ ಫಾರ್ಮು ನೆನಪಾಯಿತು. ಇಂಚರಾ ಮೊಬೈಲ್ ತೆಗೆದಳು. ಎಷ್ಟು ವರ್ಷದ ಅನುಭವ? ಮೊದಲ ಮೆಷಿನ್ನು ಬಂದಾಗಿನಿಂದ ಎಣಿಸಿದೆವು. ಹತ್ತು. ಎಂಬತ್ನಾಲ್ಕನ್ನು ಅಳಿಸಿ ಹತ್ತು ಒತ್ತಿದಳು. ಎಷ್ಟು ಸಣ್ಣ ಅಂಕಿ! ಬೋರ್ಡಿನ ಮೇಲೆ ಅದನ್ನು ಬರೆದರೆ ಊರಲ್ಲಿ ಒಬ್ಬ ಗಿರಾಕಿಯೂ ಬರಲಿಕ್ಕಿಲ್ಲ. ಎರಡನೆಯ ಭಾಗ ತೆರೆದಳು. ನಿಮಗೆ ಕಲಿಸಿದವರು ಈಗಲೂ ಈ ಕೆಲಸ ಮಾಡುತ್ತಿದ್ದಾರೆಯೇ? ಇಂಚರಾ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ದೊಡ್ಡವ್ವನ ಕಡೆ ನೋಡಿ, ನನ್ನ ಕಡೆ ನೋಡಿದಳು. ಅಕ್ಕ ಬಿದಿರಿನ ಸೀಳನ್ನು ಹಲ್ಲಲ್ಲಿ ಕಚ್ಚಿ ಹಿಡಿದು ತಂತಿ ನೀವುತ್ತಿದ್ದಳು. "ಹೌದು ಅಂತ ಒತ್ತು" ಎಂದೆ. ಅವಳು ಒತ್ತಿದಳು. "ಉಳಿಸಿದೆ. ಕಳಿಸಲ್ಯಾ ಅವ್ವಾ?" ಎಂದಳು. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಬಸ್ಸು ಬಂತು. ಸೇತುವೆಯ ಕಡೆಗೆ ಮೂತಿ ಮಾಡಿ ನಿಂತು ಹಾರನ್ ಹೊಡೆಯಿತು. ಕಂಡಕ್ಟರ್ ಬಾಗಿಲಲ್ಲಿ ಜೋತು "ಬರ್ರೀ ಅಕ್ಕಾರ, ಇದು ಹೋದ್ರ ಸಂಜೀಗೇ ಇನ್ನೊಂದು" ಎಂದ. ಅಕ್ಕ ತಲೆ ಎತ್ತಿ ಬಸ್ಸು ನೋಡಿದಳು, ಅದರಾಚೆ ಸೇತುವೆ ನೋಡಿದಳು. ಮತ್ತೆ ದಾಟಿ ಹೋದರೆ ತನ್ನ ಬೆರಳಿಗೆ ಏನಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ, ನನ್ನದೇನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಅವಳು ಬಾಯಿಂದ ಸೀಳು ತೆಗೆದು ಮುಂದಿನ ಸಂದಿಗೆ ಹಚ್ಚಿದಳು, ಅಷ್ಟೇ. "ನೀವು ನಡೀರಿ" ಎಂದು ನಾನು ಕಂಡಕ್ಟರನಿಗೆ ಹೇಳಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು. ದಾವಲಸಾಬ ಆರಿದ ಚಹಾ ಚೆಲ್ಲಿ, ಹೊಸದಾಗಿ ಮಾಡಲು ಒಲೆಯ ಮೇಲೆ ಹಾಲಿಟ್ಟ. ನಾನು ದಾರದ ತುದಿಯನ್ನು ಇಂಚರಾಳಿಗೆ ಕೊಟ್ಟೆ. ಅವಳು ಮೊಬೈಲನ್ನು ಕಟ್ಟೆಯ ಮೇಲೆ ಇಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಪರದೆ ಮಂಕಾಗಿ ಆ ಸಾಲು ಬಂತು. ಈಗ ಅದನ್ನು ನನಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ನೀವು ಬಹಳ ಹೊತ್ತಿನಿಂದ ಏನೂ ಮಾಡಿಲ್ಲ. ಇಂಚರಾ ಅದನ್ನೂ ನೋಡಿದಳು, ಒಲೆಯ ಮೇಲೆ ಉಕ್ಕಲು ಬಂದಿದ್ದ ಹಾಲನ್ನೂ ನೋಡಿದಳು. "ಅವ್ವಾ..." ಎಂದಳು. "ಉಕ್ಕಿದ್ರ ಉಕ್ಕಲಿ. ಹಿಡಿ, ದಾರ ಸಡಿಲ ಬಿಡಬ್ಯಾಡ" ಎಂದೆ.